ಹಡಗೇರಿ ಹೋದ ಹಿರಿಯರನ್ನು ಪ್ರಯಾಣಿಕರ ಪಟ್ಟಿಗಳಲ್ಲಿ ಹುಡುಕುವ ಬಗೆ

ಅಜ್ಜನ ಅಣ್ಣನೊಬ್ಬ ಹಡಗು ಹತ್ತಿ ಹೋದವನು ಮತ್ತೆ ಬರಲಿಲ್ಲ ಎಂಬ ಮಾತು ಮಂಗಳೂರು, ಉಡುಪಿ ಕಡೆಯ ಅನೇಕ ಮನೆಗಳಲ್ಲಿ ಉಳಿದಿದೆ. ಅಂಥವರನ್ನು ಹುಡುಕಲು ಕುಳಿತವರು ಹೊರಟ ಬಂದರಿನ ಜಾಗದಲ್ಲಿ ಮಂಗಳೂರು ಎಂದು ತುಂಬಿ, ಏನೂ ಸಿಗದೆ ಕೈಬಿಡುತ್ತಾರೆ. ಹಳೆಯ ಬಂದರು ಅಳಿವೆಯ ಒಳಗಿದ್ದುದರಿಂದ ದೊಡ್ಡ ಹಡಗುಗಳು ದಕ್ಕೆಯವರೆಗೆ ಬರುವಂತಿರಲಿಲ್ಲ. ಪಣಂಬೂರಿನ ಬಂದರು ತೆರೆದದ್ದೇ 1970ರ ದಶಕದಲ್ಲಿ. ಆಫ್ರಿಕಾಕ್ಕೋ ಕೊಲ್ಲಿಗೋ ಹೊರಟವರು ಸಾಮಾನ್ಯವಾಗಿ ಕರಾವಳಿಯ ಸ್ಟೀಮರಿನಲ್ಲಿ ಬೊಂಬಾಯಿಗೆ ಹೋಗಿ ಅಲ್ಲಿ ಹಡಗು ಬದಲಿಸುತ್ತಿದ್ದರು. 1907ರಲ್ಲಿ ರೈಲು ಬಂದ ಮೇಲೆ ರಂಗೂನಿಗೆ ಹೋಗುವವರಿಗೆ ಮದರಾಸಿನ ದಾರಿಯೂ ಸುಲಭವಾಯಿತು. ಹುಡುಕಬೇಕಾದದ್ದು ಈ ಎರಡು ಬಂದರುಗಳನ್ನು.

ಅದಕ್ಕೂ ಮೊದಲು ಮನೆಯ ಪೆಟ್ಟಿಗೆಯನ್ನು ತೆರೆಯಿರಿ. ಲಕೋಟೆಯ ಅಂಚೆ ಮುದ್ರೆ, ಫೋಟೋದ ಹಿಂದಿನ ಸ್ಟುಡಿಯೋ ಮುದ್ರೆ, ಹಳೆಯ ಪಾಸ್‌ಪೋರ್ಟ್, ಇಗರ್ಜಿಯ ಬ್ಯಾಪ್ಟಿಸಮ್ ದಾಖಲೆ ಇವುಗಳಿಂದ ಊರು ಮತ್ತು ವರ್ಷ ಖಚಿತವಾಗುತ್ತವೆ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಯಾದರೆ ತಂದೆಯ ಹೆಸರಿನ ಜತೆಗೆ ಸೋದರಮಾವನ ಹೆಸರನ್ನೂ ಮನೆತನದ ಹೆಸರನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ಪಟ್ಟಿ ಬರೆಯುವ ಗುಮಾಸ್ತನ ಪ್ರಶ್ನೆಗೆ ಯುವಕ ಹೇಳಿದ ಹಿರಿಯನ ಹೆಸರು ಅದೇ ಆಗಿರಬಹುದು.

ಹೆಸರಿನ ಕಾಗುಣಿತವೇ ಈ ಕೆಲಸದ ಅತಿ ಕಷ್ಟದ ಭಾಗ. ಕೇಳಿದ್ದನ್ನು ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡವರ ಕೈಯಲ್ಲಿ ಶೆಟ್ಟಿ ಚೆಟ್ಟಿಯಾಗಬಹುದು, ಡಿಸೋಜ ಡೆಸೂಜಾ ಆಗಬಹುದು, ಬರೇ ಇನಿಷಿಯಲ್ ಉಳಿದು ಉಪನಾಮವೇ ಮಾಯವಾಗಬಹುದು. ಉಡುಪಿಯನ್ನು ಉಡಿಪಿ ಎಂದೂ ಕುಂದಾಪುರವನ್ನು ಕೂಂಡಾಪೂರ್ ಎಂದೂ ಜಿಲ್ಲೆಯನ್ನು ಸೌತ್ ಕೆನರಾ ಎಂದೂ ಬರೆಯುತ್ತಿದ್ದ ಕಾಲವದು. ಸಂಶಯವಿರುವ ಅಕ್ಷರಗಳ ಜಾಗದಲ್ಲಿ ಯಾವ ಅಕ್ಷರವಾದರೂ ಸರಿ ಎಂದು ಸೂಚಿಸುವ ನಕ್ಷತ್ರ ಚಿಹ್ನೆ (*) ಹಾಕಿ, ವಯಸ್ಸಿಗೆ ಐದಾರು ವರ್ಷಗಳ ಸಡಿಲು ಬಿಟ್ಟು ಹುಡುಕಿ.

ಪಟ್ಟಿಗಳು ಎಲ್ಲಿವೆ ಎಂಬುದು ಹೋದ ದೇಶವನ್ನು ಅವಲಂಬಿಸಿದೆ. ಬ್ರಿಟನ್ನಿಗೆ ಬಂದವರ ಪಟ್ಟಿಗಳು (1878ರಿಂದ 1960) ಮತ್ತು ಅಲ್ಲಿಂದ ಹೊರಟವರ ಪಟ್ಟಿಗಳು (1890ರಿಂದ 1960) ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಬೊಂಬಾಯಿಯಿಂದ ನೇರ ಮೊಂಬಾಸಾಕ್ಕೋ ಬಸ್ರಾಕ್ಕೋ ಹೋದವರು ಅವುಗಳಲ್ಲಿ ಸಿಗುವುದಿಲ್ಲ. ಪೂರ್ವ ಆಫ್ರಿಕಾದವರಿಗೆ ನಾನು ಸೂಚಿಸುವುದು 1899ರಲ್ಲಿ ಆರಂಭವಾದ, ಈಗ ಅಂತರ್ಜಾಲದಲ್ಲೇ ಓದಬಹುದಾದ ಕೀನ್ಯಾ ಗೆಜೆಟ್ಟನ್ನು. ತೀರಿಕೊಂಡವರ ಆಸ್ತಿಯ ನೋಟೀಸುಗಳಲ್ಲಿ ಹೆಸರು, ಊರು ಒಟ್ಟಿಗೇ ಕಾಣುವುದುಂಟು. ಈಗಿನ ದಕ್ಷಿಣ ಆಫ್ರಿಕಾದಲ್ಲಿರುವ ನಟಾಲಿಗೆ 1860ರಿಂದ 1911ರ ನಡುವೆ ಕರಾರು ಕೂಲಿಗಳಾಗಿ ಹೋದ ಸುಮಾರು 1,52,000 ಮಂದಿಯ ಪಟ್ಟಿಗಳು ಇವೆಲ್ಲಕ್ಕಿಂತ ವಿವರವಾದವು: ತಂದೆಯ ಹೆಸರು, ಜಿಲ್ಲೆ, ಹಳ್ಳಿ, ಜಾತಿ, ಮೈಮೇಲಿನ ಗುರುತು ಕೂಡ ಅಲ್ಲಿವೆ.

ಹೆಸರು ಸಿಕ್ಕ ಕೂಡಲೇ ಸೂಚಿಯನ್ನು ನಂಬಿ ನಿಲ್ಲದೆ ಮೂಲ ಪುಟದ ಚಿತ್ರವನ್ನು ತೆರೆದು, ಹಡಗಿನ ಹೆಸರು, ದಿನಾಂಕ, ಪುಟಸಂಖ್ಯೆಗಳನ್ನು ಬರೆದುಕೊಳ್ಳಿ. ಆಮೇಲೆ ಅದೇ ಪುಟದ ಮೇಲಿನ ಹತ್ತು, ಕೆಳಗಿನ ಹತ್ತು ಸಾಲುಗಳನ್ನು ಸಾವಧಾನವಾಗಿ ಓದಿ. ಒಬ್ಬನೇ ಹೋದ ಎಂದು ಮನೆಯವರು ನಂಬಿದ್ದವನ ಪಕ್ಕದಲ್ಲಿ ನೆರೆಮನೆಯ ಹುಡುಗನ ಹೆಸರೂ ಇರಬಹುದು.