‘ವಿಲ್ ಹ್ಯಾವ್’ ಬಳಸೋದು ಹೇಗೆ?

‘ವಿಲ್ ಹ್ಯಾವ್’ ಬರುವ ಇಂಗ್ಲಿಷ್ ಟೆನ್ಸಿಗೆ ಫ್ಯೂಚರ್ ಪರ್ಫೆಕ್ಟ್ ಅನ್ನುತ್ತಾರೆ. ಆ ಹೆಸರು ಕೇಳಿದ ಕೂಡಲೇ ಸೂತ್ರ ಬಾಯಿಪಾಠ ಮಾಡಬೇಡಿ. ‘ನೀನು ಬರೋ ಹೊತ್ತಿಗೆ ಸಾಗರದ ಬಸ್ಸು ಹೋಗಿರುತ್ತೆ ಮಾರಾಯ’ ಅಂತ ಫೋನಿನಲ್ಲಿ ಹೇಳುತ್ತೇವಲ್ಲ, ಅದೇ ಇದು. ಬಸ್ಸು ಇನ್ನೂ ಹೊರಟಿಲ್ಲ, ಆದರೆ ಅವನು ಬಂದು ನೋಡುವಷ್ಟರಲ್ಲಿ ಹೊರಟು ಆಗಿರುತ್ತದೆ. ಇಂಗ್ಲಿಷಿನಲ್ಲಿ ‘ಬೈ ದ ಟೈಮ್ ಯು ಕಮ್, ದ ಬಸ್ ವಿಲ್ ಹ್ಯಾವ್ ಲೆಫ್ಟ್’.

ಕಟ್ಟೋದು ಸುಲಭ. ವಿಲ್, ಹ್ಯಾವ್, ಆಮೇಲೆ ಕ್ರಿಯಾಪದದ ಮೂರನೇ ರೂಪ: ಗಾನ್, ಡನ್, ಈಟನ್, ಫಿನಿಶ್ಡ್. ಹಿ ಬರಲಿ, ಶಿ ಬರಲಿ, ವಿಲ್ ಆದ ಮೇಲೆ ಹ್ಯಾವ್ ಮಾತ್ರ, ಹ್ಯಾಸ್ ಬರೋದೇ ಇಲ್ಲ. ‘ಐ ವಿಲ್ ಹ್ಯಾವ್ ಕಾಫಿ’ ಅಂದರೆ ಬರೀ ಕಾಫಿ ಕುಡಿಯುತ್ತೇನೆ ಅಂತ. ಅದು ಈ ಟೆನ್ಸ್ ಅಲ್ಲ.

ಜಾಸ್ತಿ ಜನ ಎಡವೋದು ‘ಬೈ’ ಹತ್ತಿರ. ಮಳೆಗಾಲ ಜೋರಾಗುವ ಮೊದಲು ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆಯಬೇಕು, ಇಲ್ಲದಿದ್ದರೆ ಕೊಳೆ ರೋಗ ಬರುತ್ತದೆ, ಅಲ್ವಾ? ‘ವಿ ವಿಲ್ ಸ್ಪ್ರೇ ಇನ್ ಜೂನ್’ ಅಂದರೆ ಜೂನಿನಲ್ಲಿ ಹೊಡೆಯುತ್ತೇವೆ. ‘ವಿ ವಿಲ್ ಹ್ಯಾವ್ ಸ್ಪ್ರೇಡ್ ಬೈ ಜೂನ್’ ಅಂದರೆ ಜೂನ್ ಬರೋದರೊಳಗೆ ಹೊಡೆದು ಮುಗಿಸಿರುತ್ತೇವೆ, ಮೇ ಮೊದಲ ವಾರವೋ ಕೊನೆಯ ವಾರವೋ ಅನ್ನೋದು ಈ ವಾಕ್ಯಕ್ಕೆ ಬೇಕಿಲ್ಲ. ‘ಒಳಗೆ’ ಅನ್ನುವ ಕಡೆ ಬೈ, ‘ತನಕ’ ಅನ್ನುವ ಕಡೆ ಅಂಟಿಲ್. ಇನ್ನೊಂದು, ‘ಬೈ ದ ಟೈಮ್ ಯು ವಿಲ್ ಕಮ್’ ಅನ್ನಬೇಡಿ. ಆ ಅರ್ಧದಲ್ಲಿ ವಿಲ್ ಹಾಕಬಾರದು, ಸುಮ್ನೆ ‘ಯು ಕಮ್’ ಸಾಕು.

ಇಲ್ಲ ಅನ್ನೋಕೆ ‘ವೋಂಟ್ ಹ್ಯಾವ್’. ಆಗುಂಬೆಯಲ್ಲಿ ಆಗಸ್ಟಿಗೂ ಮಳೆ ನಿಂತಿರುವುದಿಲ್ಲ: ‘ದ ರೈನ್ ವೋಂಟ್ ಹ್ಯಾವ್ ಸ್ಟಾಪ್ಡ್ ಬೈ ಆಗಸ್ಟ್’. ಪ್ರಶ್ನೆ ಕೇಳೋಕೆ ವಿಲ್ ಮುಂದೆ ತನ್ನಿ: ‘ವಿಲ್ ಯು ಹ್ಯಾವ್ ಫಿನಿಶ್ಡ್ ಬೈ ಫೈವ್?’

ನನಗೆ ತುಂಬಾ ಇಷ್ಟದ್ದು ಇದರ ಇನ್ನೊಂದು ಬಳಕೆ. ಮಗಳು ಶಿವಮೊಗ್ಗದಲ್ಲಿ ರಾತ್ರಿ ರೈಲು ಹತ್ತಿದ್ದಾಳೆ. ಬೆಳಗ್ಗೆ ಅಮ್ಮ ‘ಇಷ್ಟೊತ್ತಿಗೆ ಬೆಂಗಳೂರು ತಲುಪಿರ್ತಾಳೆ’ ಅನ್ನುತ್ತಾರೆ. ಇದು ಮುಂದಿನ ಮಾತೇ ಅಲ್ಲ, ಆಗಿಹೋಗಿರುವುದರ ಬಗ್ಗೆ ಊಹೆ. ಇಂಗ್ಲಿಷಿನಲ್ಲೂ ಇದೇ ಟೆನ್ಸ್: ‘ಶಿ ವಿಲ್ ಹ್ಯಾವ್ ರೀಚ್ಡ್ ಬೆಂಗಳೂರು ಬೈ ನೌ’. ಕನ್ನಡದಲ್ಲಿ ನೀವು ಈ ಎರಡನ್ನೂ ಯೋಚಿಸದೇ ಆಡುತ್ತೀರಿ, ಹಾಗಾಗಿ ಅಲ್ಲಿಂದಲೇ ಶುರು ಮಾಡಿ.

ಅಭ್ಯಾಸಕ್ಕೆ ಇವತ್ತು ರಾತ್ರಿ ನಾಳಿನ ಕೆಲಸ ಬರೆಯಿರಿ. ಒಂಬತ್ತರೊಳಗೆ ತಿಂಡಿ ತಿಂದಿರುತ್ತೇನೆ, ಸಂಜೆಯೊಳಗೆ ತೋಟದಿಂದ ಬಂದಿರುತ್ತೇನೆ, ಹೀಗೆ. ‘ತಿಂದಿರುತ್ತೇನೆ’, ‘ಬಂದಿರುತ್ತೇನೆ’ ಥರದ್ದು ಬಂದ ಕಡೆಯೆಲ್ಲ ‘ವಿಲ್ ಹ್ಯಾವ್’ ಹಾಕಿ, ಜೋರಾಗಿ ಓದಿ. ಬರೀ ‘ತಿನ್ನುತ್ತೇನೆ’, ‘ಬರುತ್ತೇನೆ’ ಇದ್ದರೆ ವಿಲ್ ಒಂದೇ ಸಾಕು.