ಕಥಾನಾಯಕನ ಪೂರ್ವಕಥೆ: ಎಷ್ಟು ಕಟ್ಟಿಡಬೇಕು, ಎಷ್ಟು ಆಟಗಾರನಿಗೆ ಬಿಡಬೇಕು

ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಆಡುವ ಕಥೆಯ ಆಟ, ಬರೆಯುವಾಗ ನಾನು ಮೊದಲು ಇತ್ಯರ್ಥ ಮಾಡಿಕೊಳ್ಳುವುದು ಒಂದೇ ವಿಷಯ: ಆಟ ಶುರುವಾಗುವ ಮುಂಚಿನ ಮುಖ್ಯ ಪಾತ್ರದ ಬದುಕು ಯಾರ ಕೈಯಲ್ಲಿರಬೇಕು, ಬರೆಯುವವರ ಕೈಯಲ್ಲೋ ಆಡುವವರ ಕೈಯಲ್ಲೋ. ‘ದಿ ವಿಚರ್ 3’ (2015) ಆಟದಲ್ಲಿ ನಾಯಕ ಗೆರಾಲ್ಟ್‌ನ ಕಸುಬು, ಯೆನ್ನೆಫರ್ ಜೊತೆಗಿನ ಹಳೆಯ ನಂಟು, ಸಿರಿಯನ್ನು ಮಗಳಂತೆ ಕಂಡದ್ದು ಎಲ್ಲವೂ ಮೊದಲೇ ನಿಗದಿ. ಆಟದ ಕೊನೆ ಸಿರಿಯ ಜೊತೆ ಹೇಗೆ ನಡೆದುಕೊಂಡೆವು ಎನ್ನುವುದರ ಮೇಲೆ ನಿಂತಿರುವುದರಿಂದ ಆ ನಂಟು ಅಲುಗಾಡುವಂತಿಲ್ಲ. ‘ಸ್ಕೈರಿಮ್’ (2011) ಇದಕ್ಕೆ ತದ್ವಿರುದ್ಧ. ಕೈಕಟ್ಟಿ ಗಾಡಿಯಲ್ಲಿ ಕೂರಿಸಿದ ಕೈದಿ, ಅಷ್ಟೇ. ಅಲ್ಲಿ ಊರೂರು ಅಲೆಯುವುದೇ ಆಟವಾದ್ದರಿಂದ ಹಿಂದಿನದು ಖಾಲಿಯಿದ್ದರೂ ನಡೆಯುತ್ತದೆ.

ನಾನು ಮಾಡುತ್ತಿರುವುದು ಕನ್ನಡದಲ್ಲೇ ಓದಿ ಆಡುವ ಸಣ್ಣ ಆಟ. ಸಂಭಾಷಣೆ ಇಂಕ್ ಎಂಬ ಕವಲು ಕಥೆ ಬರೆಯುವ ಸ್ಕ್ರಿಪ್ಟ್ ಭಾಷೆಯಲ್ಲಿ, ಮಿಕ್ಕದ್ದು ಆಟ ಕಟ್ಟುವ ಗೊಡೋ ಎಂಜಿನ್‌ನಲ್ಲಿ. 1763ರಲ್ಲಿ ಹೈದರಾಲಿ ಬಿದನೂರು ಹಿಡಿಯುವುದಕ್ಕೆ ಮುಂಚಿನ ಕೆಳದಿ ಸಂಸ್ಥಾನ. ಮೆಣಸಿನ ಹೇರು ಹೊತ್ತ ಎತ್ತುಗಳು ಹೊಸಂಗಡಿ ಘಟ್ಟ ಇಳಿದು ಕರಾವಳಿಯ ಬಸ್ರೂರಿಗೆ ಹೋಗುತ್ತವೆ. ಈ ಕಥೆಗೆ ಪೂರ್ತಿ ನಿಗದಿಯಾದ ನಾಯಕನೂ ಬೇಡ, ಪೂರ್ತಿ ಖಾಲಿಯೂ ಬೇಡ. ಯಾವುದನ್ನು ಕಟ್ಟಿಡಬೇಕು ಎಂದು ತಿಳಿಯಲು ಪೂರ್ವಕಥೆಯ ಒಂದೊಂದೇ ಸಂಗತಿಯನ್ನು ತೆಗೆದು ಕೊನೆಯ ದೃಶ್ಯವನ್ನು ಓದಿ ನೋಡುತ್ತೇನೆ. ಕೊನೆ ಕುಸಿದರೆ ಅದು ನಿಗದಿಯಾಗಿಯೇ ಇರಬೇಕು. ಕುಸಿಯದಿದ್ದರೆ ಆಟಗಾರನಿಗೆ ಬಿಟ್ಟದ್ದು. ಹೀಗೆ ಉಳಿದದ್ದು ಎರಡೇ: ತಂದೆ ಬಿಟ್ಟುಹೋದ ಸಾಲ, ಮತ್ತು ಹೇರು ನಾಯಕನ ಸ್ವಂತದ್ದಲ್ಲ ಎನ್ನುವುದು. ಗಂಡೋ ಹೆಣ್ಣೋ, ಯಾವ ಮನೆ, ಏನು ಕೆಲಸ ಮಾಡಿ ಬಂದದ್ದು, ಇವೆಲ್ಲ ಆಯ್ಕೆ.

ನಿಗದಿ ಮಾಡುವ ಸಂಗತಿ ಆಟದ ನಡಿಗೆಗೆ ಹೊಂದಬೇಕು. ‘ಫಾಲ್‌ಔಟ್ 4’ (2015) ನಾಯಕನನ್ನು ಮಗನನ್ನು ಕಳೆದುಕೊಂಡ ತಂದೆ ಅಥವಾ ತಾಯಿ ಮಾಡುತ್ತದೆ, ಹಿಂದೆಯೇ ವಸಾಹತು ಕಟ್ಟು, ಬೇಕಾದಲ್ಲಿ ತಿರುಗಾಡು ಎಂದು ಕರೆಯುತ್ತದೆ. ಮಗುವನ್ನು ಹುಡುಕುವ ಜೀವ ಬೇಲಿ ಹಾಕುತ್ತಾ ಕೂರುವುದಿಲ್ಲ. ಆಡುವವರು ಇಲ್ಲಿ ಪಾತ್ರದಿಂದ ದೂರ ಸರಿಯುತ್ತಾರೆ. ಸಾಲವನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. ದಾರಿಯಲ್ಲಿ ಯಾವ ಸಣ್ಣ ಕೆಲಸ ಹಿಡಿದರೂ ನಾಲ್ಕು ಕಾಸು ಸಿಗುತ್ತದೆ, ಅದು ಸಾಲಕ್ಕೇ ಹೋಗುತ್ತದೆ. ಅಲೆದಾಟವೂ ಕಥೆಯೂ ಒಂದೇ ದಿಕ್ಕಿಗೆ ಎಳೆಯುತ್ತವೆ.

ಹಿನ್ನೆಲೆಗಳು ಮೂರು: ಶಾನುಭೋಗರ ಮನೆಯವರು, ಹೇರೆತ್ತು ಹೊಡೆಯುವವರು, ಕೋಟೆಯ ಸಿಪಾಯಿ. ಸಂಭಾಷಣೆಯಲ್ಲಿ ಎಲ್ಲೂ ‘ಹಿನ್ನೆಲೆ ಸಿಪಾಯಿಯೇ?’ ಎಂದು ಪರೀಕ್ಷಿಸುವುದಿಲ್ಲ. ಹಾಗೆ ಮಾಡಿದರೆ ನಾಲ್ಕನೆಯ ಹಿನ್ನೆಲೆ ಸೇರಿಸಿದ ದಿನ ಎಲ್ಲ ಫೈಲುಗಳನ್ನೂ ತೆರೆದು ತಿದ್ದಬೇಕಾಗುತ್ತದೆ. ‘ಡಿವಿನಿಟಿ: ಒರಿಜಿನಲ್ ಸಿನ್ 2’ (2017) ಮಾಡಿದಂತೆ ಟ್ಯಾಗ್, ಅಂದರೆ ಪಾತ್ರಕ್ಕೆ ಏನು ಗೊತ್ತು ಎನ್ನುವ ಗುರುತುಚೀಟಿ, ಇಡುವುದು ಒಳ್ಳೆಯದು. ಲೆಕ್ಕ, ಘಟ್ಟದ ದಾರಿ, ಅಧಿಕಾರಿಗಳ ಪರಿಚಯ ಎಂಬ ಮೂರು ಟ್ಯಾಗ್‌ಗಳನ್ನು ತಲಾ ಎರಡೆರಡು ಹಿನ್ನೆಲೆಗಳಿಗೆ ಹಂಚಿದ್ದೇನೆ. ಓದು, ಜಾನುವಾರು, ಆಯುಧ ಒಂದೊಂದಕ್ಕೆ ಮಾತ್ರ. ಒಟ್ಟು ಆರು ಟ್ಯಾಗ್, ಪ್ರತಿ ಹಿನ್ನೆಲೆಗೆ ಮೂರು. ಹಂಚಿಕೊಂಡ ಟ್ಯಾಗ್‌ಗೆ ಬರೆದ ಒಂದು ಮಾತು ಎರಡು ಹಿನ್ನೆಲೆಗೂ ದುಡಿಯುತ್ತದೆ, ಬರೆಯುವ ಭಾರ ಕಡಿಮೆಯಾಗುತ್ತದೆ.

ಕೌಶಲದ ಅಂಕಗಳನ್ನು ಹುಟ್ಟಿದ ಮನೆಗೆ ಅಂಟಿಸಬಾರದು, ಮಾಡಿದ ಕೆಲಸಕ್ಕೆ ಕೊಡಬೇಕು ಎನ್ನುವುದು ನನ್ನ ಗಟ್ಟಿ ನಿಲುವು. ಮೇಜಿನ ಸುತ್ತ ಕೂತು ಆಡುವ ಆರ್‌ಪಿಜಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕೂಡ 2024ರ ನಿಯಮಗಳಲ್ಲಿ ಸಾಮರ್ಥ್ಯದ ಹೆಚ್ಚಳವನ್ನು ಕುಲದಿಂದ ತೆಗೆದು ಹಿನ್ನೆಲೆಗೆ ಕೊಟ್ಟಿತು. ನಮ್ಮ ನೆಲದ ಕಥೆಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಜಾತಿ ಆ ಕಾಲದಲ್ಲಿ ಇತ್ತು, ಅದನ್ನು ಮರೆಮಾಚುವುದು ಸುಳ್ಳು. ಆದರೆ ಅದು ಎದುರಿನವರು ನಡೆಸಿಕೊಳ್ಳುವ ರೀತಿಯಲ್ಲಿ ಕಾಣಬೇಕೇ ಹೊರತು ನಾಯಕನ ಬುದ್ಧಿ, ಬಲದ ಅಂಕಿಗಳಲ್ಲಿ ಅಲ್ಲ.

ಹಿನ್ನೆಲೆಯನ್ನು ಆರಿಸಲು ಬೇರೆ ಪರದೆ ಇಟ್ಟಿಲ್ಲ. ‘ಪಿಲ್ಲರ್ಸ್ ಆಫ್ ಎಟರ್ನಿಟಿ’ (2015) ಆಟದಲ್ಲಿ ಕ್ಯಾಲಿಸ್ಕಾ ಎಂಬ ಜೊತೆಗಾತಿ ಇಲ್ಲಿಗೆ ಯಾಕೆ ಬಂದೆ ಎಂದು ಕೇಳುತ್ತಾಳೆ, ಕೊಟ್ಟ ಉತ್ತರವೇ ಪೂರ್ವಕಥೆಯಾಗುತ್ತದೆ. ‘ವಿಚರ್ 3’ರಲ್ಲೂ ಚಕ್ರವರ್ತಿಯ ಭೇಟಿಗೆ ಮುಂಚೆ ಗಡ್ಡ ಹೆರೆಯುವಾಗ ವೂರ್‌ಹಿಸ್ ಎಂಬ ಸೇನಾಧಿಕಾರಿ ಕೇಳುವ ಪ್ರಶ್ನೆಗಳಿಂದ ಹಿಂದಿನ ಆಟದ ತೀರ್ಮಾನಗಳನ್ನು ತುಂಬಿಸಿಕೊಳ್ಳಬಹುದು. ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜಾಗ ಸುಂಕದ ಕಟ್ಟೆ. ‘ಯಾವ ಊರು? ಯಾರ ಪೈಕಿ?’ ಎಂದು ಸುಂಕದವನು ಕೇಳುತ್ತಾನೆ, ಆಟಗಾರ ಹೇಳುತ್ತಾನೆ, ಟ್ಯಾಗ್‌ಗಳು ಅಲ್ಲಿಯೇ ಕೂಡುತ್ತವೆ. ಮರುಕ್ಷಣದ ಮಾತಿನಲ್ಲೇ ಆಯ್ಕೆಯ ಫಲ ಕಾಣಬೇಕು:

ಶಾನುಭೋಗರ ಮನೆಗೆ: ‘ಬನ್ನಿ, ಬನ್ನಿ, ನೀವು ಬಿಸಿಲಲ್ಲಿ ನಿಲ್ಲೋದಾ? ಎಷ್ಟು ಹೇರು ತಂದಿದ್ದೀರಿ?’
ಹೇರೆತ್ತಿನವರಿಗೆ: ‘ಎತ್ತು ಆಚೆ ಕಟ್ಟು, ದಾರಿಗೆ ಅಡ್ಡ ನಿಲ್ಲಿಸ್ಬೇಡ. ಎಷ್ಟು ಹೇರು?’
ಸಿಪಾಯಿಗೆ: ‘ಕೋಟೆಯಿಂದ ಬಂದಿದ್ದಾ? ಓಲೆ ಇದ್ರೆ ತೋರ್ಸು. ಇಲ್ಲಾಂದ್ರೆ ಹೇಳು, ಎಷ್ಟು ಹೇರು?’

ಮೂರೂ ಒಂದೇ ಪ್ರಶ್ನೆಗೆ ಬಂದು ಕೂಡುತ್ತವೆ, ಅಲ್ಲಿಂದ ಮುಂದೆ ದೃಶ್ಯ ಒಂದೇ. ಲೆಕ್ಕ ಟ್ಯಾಗ್ ಇದ್ದವರಿಗೆ ಒಂದು ಉತ್ತರ ಹೆಚ್ಚು: ‘ಹೇರು ಇರೋದು ಆರು. ನೀವು ಏಳಕ್ಕೆ ಸುಂಕ ಕೇಳ್ತಿದ್ದೀರಿ.’ ಹಂಚಿಕೊಂಡ ಟ್ಯಾಗ್‌ಗಳಲ್ಲಿ ತಪ್ಪು ನುಸುಳುವುದು ಇಂಥ ಜಾಗದಲ್ಲೇ. ‘ಕಡತದಲ್ಲಿ ಏಳು ಅಂತ ಬರೆದಿದೆ’ ಎಂದುಬಿಟ್ಟರೆ ಅಕ್ಷರ ಬಾರದ ಹೇರೆತ್ತಿನವರ ಬಾಯಲ್ಲಿ ಅದು ಸುಳ್ಳಾಗುತ್ತದೆ. ಕಡತದ ಮಾತು ಓದು ಟ್ಯಾಗ್‌ಗೆ ಮಾತ್ರ.

ಕನ್ನಡದಲ್ಲಿ ಈ ಕೆಲಸದ ನಿಜವಾದ ಭಾರ ಇರುವುದು ಮರ್ಯಾದೆಯಲ್ಲಿ. ಹಿನ್ನೆಲೆ ಬದಲಾದರೆ ನೀನು, ನೀವು ಬದಲಾಗುತ್ತದೆ; ಅದರ ಜೊತೆ ಕ್ರಿಯಾಪದದ ಕೊನೆ, ಆಜ್ಞೆ, ಕರೆಯುವ ರೀತಿ ಎಲ್ಲವೂ ಬದಲಾಗುತ್ತವೆ. ಬಾರೋ, ಬಾರೇ ಎಂದರೆ ಗಂಡು ಹೆಣ್ಣು ಕೂಡ ಒಳಗೆ ಬರುತ್ತದೆ. ವಾಕ್ಯದ ನಡುವೆ ವೇರಿಯಬಲ್ (ಸಂದರ್ಭಕ್ಕೆ ತಕ್ಕಂತೆ ಬದಲಾಗುವ ಮೌಲ್ಯ) ತುರುಕಿ ತುಂಡು ತುಂಡಾಗಿ ಬದಲಿಸಿದರೆ ‘ನೀವು ಬಂದೆ’ ಎಂಬಂಥ ವಾಕ್ಯ ಎಲ್ಲೋ ಒಂದು ಕಡೆ ಹೊರಬರುವುದು ಖಂಡಿತ. ಹಾಗಾಗಿ ಮರ್ಯಾದೆ ಬೇರೆಯಾಗುವ ಕಡೆ ಇಡೀ ಮಾತನ್ನೇ ಎರಡು ಸಲ ಬರೆಯುತ್ತೇನೆ. ಗಂಡು ಹೆಣ್ಣಿನ ಕಡೆಗೆ ಆದಷ್ಟು ಎರಡಕ್ಕೂ ಸಲ್ಲುವ ರೂಪ ಹುಡುಕುತ್ತೇನೆ: ‘ಕೋಟೆಯವನಾ?’ ಬದಲು ‘ಕೋಟೆಯಿಂದ ಬಂದಿದ್ದಾ?’

ಮರ್ಯಾದೆಯ ವೇರಿಯಬಲ್ ನಾಯಕನದಲ್ಲ, ಎದುರಿನ ಪಾತ್ರದ್ದು. ಸುಂಕದವನು ನೀವು ಎನ್ನುವ ಶಾನುಭೋಗರ ಮಗನನ್ನು ಜೊತೆಯ ಮುದುಕ ಎತ್ತಾಳು ಮಗುವಿನಿಂದ ನೋಡಿದವನಾದ್ದರಿಂದ ನೀನು ಎನ್ನಬಹುದು. ಹೀಗೆ ಬೇರೆ ಬೇರೆ ಇಟ್ಟರೆ ಇನ್ನೊಂದು ಸಾಧ್ಯತೆ ತೆರೆಯುತ್ತದೆ. ಸುಂಕದ ಲೆಕ್ಕ ಹಿಡಿದ ಹೇರೆತ್ತಿನವನಿಗೆ ವಾಪಸು ಬರುವಾಗ ಅದೇ ಸುಂಕದವನು ‘ಬನ್ನಿ’ ಎನ್ನುತ್ತಾನೆ. ಯಾವ ಅಂಕಿಯನ್ನೂ ಪರದೆಯ ಮೇಲೆ ತೋರಿಸಬೇಕಿಲ್ಲ, ಆಡುವವರಿಗೆ ನೇರ ತಟ್ಟುತ್ತದೆ. ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು. ಈ ಬದಲಾವಣೆ ದೃಶ್ಯಗಳ ನಡುವೆ ಆಗಬೇಕು. ಒಂದೇ ದೃಶ್ಯದ ಮಧ್ಯೆ ಆದರೆ ಓದುವವರು ಅದನ್ನು ಬರಹದ ತಪ್ಪು ಎಂದುಕೊಳ್ಳುತ್ತಾರೆ.

ಹೆಸರಿನದು ಇನ್ನೊಂದು ತೊಡಕು. ‘ಮಾಸ್ ಎಫೆಕ್ಟ್’ (2007) ಹಿಂದಿನ ಬದುಕಿಗೆ ಮೂರು ಆಯ್ಕೆ, ಸೈನ್ಯದ ಹೆಸರುವಾಸಿಗೆ ಮೂರು ಆಯ್ಕೆ ಕೊಟ್ಟು ಒಂಬತ್ತು ಜೋಡಿ ಮಾಡಿತು, ಆದರೆ ನಾಯಕನ ಶೆಪರ್ಡ್ ಎಂಬ ಮನೆಹೆಸರನ್ನು ಬಿಟ್ಟುಕೊಡಲಿಲ್ಲ. ಕಂಠದಾನ ಮಾಡುವವರು ಏನಾದರೊಂದು ಕರೆಯಬೇಕಲ್ಲ. ನಮಗೆ ದನಿ ಇಲ್ಲದಿದ್ದರೂ ವಿಭಕ್ತಿ ಇದೆ. ಬಸವ ಬಸವನಿಗೆ ಆಗುತ್ತದೆ, ಗೌರಿ ಗೌರಿಗೆ ಆಗುತ್ತದೆ. ಹೆಸರಿನ ಹಿಂದೆ ಕುರುಡಾಗಿ ಪ್ರತ್ಯಯ ಅಂಟಿಸಿದರೆ ‘ಬಸವಗೆ’ ಬರುತ್ತದೆ. ‘ಅವರಿಗೆ’ ಸೇರಿಸಿ ತಪ್ಪಿಸಿಕೊಳ್ಳಬಹುದು, ಆದರೆ ನೀನು ಎನ್ನುವವರು ‘ಬಸವ ಅವರಿಗೆ’ ಎನ್ನುವುದಿಲ್ಲ. ಎಂಟು ಹೆಸರುಗಳ ಪಟ್ಟಿ ಕೊಟ್ಟು, ಪ್ರತಿಯೊಂದಕ್ಕೂ ಐದು ರೂಪಗಳನ್ನು ಕೈಯಾರೆ ಬರೆದಿಟ್ಟರೆ ತೀರಿತು: ಬಸವ, ಬಸವನನ್ನು, ಬಸವನಿಗೆ, ಬಸವನ, ಬಸವಾ.

ಪ್ರತಿಕ್ರಿಯೆಗಳನ್ನು ಆಟದುದ್ದಕ್ಕೂ ಹರಡುವುದು ಮುಖ್ಯ. ‘ಸೈಬರ್‌ಪಂಕ್ 2077’ (2020) ಮೂರು ಬೇರೆ ಬೇರೆ ಆರಂಭ ಕೊಟ್ಟು, ಬೇಗನೆ ಎಲ್ಲರನ್ನೂ ಗೆಳೆಯ ಜ್ಯಾಕಿಯ ಜೊತೆ ಒಂದೇ ದಾರಿಗೆ ತಂದುಬಿಡುತ್ತದೆ. ಆಮೇಲೆ ಉಳಿಯುವುದು ಬಹುಪಾಲು ಮಾತಿನ ಬಣ್ಣ. ‘ಡ್ರ್ಯಾಗನ್ ಏಜ್: ಒರಿಜಿನ್ಸ್’ (2009) ಆರು ಆರಂಭಗಳನ್ನು ಕೊಟ್ಟು ಮುಂದೆ ಕೆಲವರನ್ನು ತಾವು ಶುರು ಮಾಡಿದ ಊರಿಗೇ ವಾಪಸು ಕರೆದೊಯ್ಯುತ್ತದೆ: ಕುಳ್ಳರ ಅರಸುಮನೆಯವರು ತಮ್ಮೂರು ಓರ್ಜಮ್ಮರ್‌ನಲ್ಲಿ ಮತ್ತೆ ಒಡಹುಟ್ಟಿದ ತಮ್ಮನಾದ ಬೇಲೆನ್‌ನ ಎದುರು ನಿಲ್ಲುತ್ತಾರೆ. ಫಲ ತಡವಾಗಿ ಬಂದಷ್ಟೂ ಆಳಕ್ಕೆ ಇಳಿಯುತ್ತದೆ. ನನ್ನ ಲೆಕ್ಕ ಹೀಗಿದೆ: ಮೊದಲ ದೃಶ್ಯದಲ್ಲಿ ಒಂದು, ಪ್ರತಿ ಅಧ್ಯಾಯದಲ್ಲಿ ಕಡಿಮೆಯೆಂದರೆ ಎರಡು, ಬಸ್ರೂರು ತಲುಪಿದ ಮೇಲೆ ಪ್ರತಿ ಹಿನ್ನೆಲೆಗೂ ಪೂರ್ತಿ ಒಂದು ದೃಶ್ಯ. ಮಾತು ಬದಲಿಸುವುದು ಅಗ್ಗ, ಹೊಸ ಉತ್ತರ ಸೇರಿಸುವುದು ನಡುಮಟ್ಟ, ಬೇರೆ ದೃಶ್ಯ ಬರೆಯುವುದು ದುಬಾರಿ. ದುಬಾರಿಯದನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ.

ಖಾಲಿ ಬಿಟ್ಟ ಜಾಗವನ್ನು ಆಮೇಲೆ ಬರೆಯುವವರು ತುಂಬಬಾರದು. ‘ಫಾಲ್‌ಔಟ್: ನ್ಯೂ ವೆಗಾಸ್’ನ (2010) ನಾಯಕ, ಕೊರಿಯರ್ ಎಂದಷ್ಟೇ ಕರೆಸಿಕೊಳ್ಳುವವನು, ಯಾರೆಂದು ಆಡುವವರು ತಮ್ಮಷ್ಟಕ್ಕೆ ಕಲ್ಪಿಸಿಕೊಂಡ ಮೇಲೆ, 2011ರ ‘ಲೋನ್‌ಸಮ್ ರೋಡ್’ ಎಂಬ ಹೆಚ್ಚುವರಿ ಕಂತು ಅವನಿಗೊಂದು ಹಳೆಯ ಹೊಣೆ ಹೊರಿಸಿತು. ನೆನಪು ಹೋದ ನಾಯಕನ ಕಥೆಗಳು ಈ ಕುಣಿಕೆಯಿಂದ ಪಾರಾಗುತ್ತವೆ. ‘ಡಿಸ್ಕೋ ಎಲಿಸಿಯಮ್’ (2019) ಆಟದಲ್ಲಿ ಪತ್ತೇದಾರನ ಹಿಂದಿನ ಬದುಕು ಪೂರ್ತಿ ನಿಗದಿಯಾಗಿದೆ, ಆದರೆ ಅದು ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಇಬ್ಬರೂ ಒಟ್ಟಿಗೆ ಕಂಡುಕೊಳ್ಳುತ್ತೇವೆ.

ಪರೀಕ್ಷೆಗೆ, ನಾಯಕ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಪ್ರತಿ ಸಾಲಿಗೂ ಒಂದು ಗುರುತು ಹಾಕಿಡುತ್ತೇನೆ. ‘ಘಟ್ಟ ಇಳಿಯೋದು ಇದೇ ಮೊದಲು’ ಎಂಬಂಥವು. ಸಣ್ಣದೊಂದು ಸ್ಕ್ರಿಪ್ಟ್ ಪ್ರತಿ ಹಿನ್ನೆಲೆಯಿಂದಲೂ ಮನಬಂದಂತೆ ಉತ್ತರ ಆರಿಸುತ್ತಾ ಕೊನೆಯವರೆಗೆ ಓಡಿ ಗುರುತಿನ ಸಾಲುಗಳನ್ನು ಮಾತ್ರ ಫೈಲಿಗೆ ಬರೆಯುತ್ತದೆ. ಘಟ್ಟದ ದಾರಿ ಟ್ಯಾಗ್ ಇರುವ ಸಿಪಾಯಿಯ ಫೈಲಿನಲ್ಲಿ ಆ ಸಾಲು ಕಂಡರೆ ಎಲ್ಲೋ ಟ್ಯಾಗ್ ಪರೀಕ್ಷೆ ಬಿಟ್ಟುಹೋಗಿದೆ ಎಂದರ್ಥ. ಹೊಸ ಹಿನ್ನೆಲೆ ಸೇರಿಸುವಾಗಲೂ ಇದೇ ಕ್ರಮ: ದೋಣಿಯವರಿಗೆ ಪಟ್ಟಿಯಲ್ಲಿ ಒಂದು ಸಾಲು, ಮೂರು ಟ್ಯಾಗ್, ಸುಂಕದ ಕಟ್ಟೆಯಲ್ಲಿ ಒಂದು ಸ್ವಾಗತ, ಬಸ್ರೂರಿನಲ್ಲಿ ಒಂದು ದೃಶ್ಯ, ಆಮೇಲೆ ಸ್ಕ್ರಿಪ್ಟ್ ಓಡಿಸಿ ಬಂದ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು.