ಕಾಫಿ ಬೊಡ್ಡೆಯ ಮೇಲೆ ಸೀತಾಳೆ ಹೂವು

ಕಿತ್ತುಹಾಕಿದ ಮುದಿ ಕಾಫಿ ಗಿಡದ ಬೊಡ್ಡೆಯನ್ನು ಒಲೆಗೆ ಹಾಕಬೇಡಿ. ವಿರಾಜಪೇಟೆಯ ನಮ್ಮ ಅಂಗಳದಲ್ಲಿ ಸೀತಾಳೆ ಹೂವಿಗೆ, ಅಂದರೆ ಮರದ ಮೇಲೆ ಬೆಳೆಯುವ ಆರ್ಕಿಡ್‌ಗೆ, ಅದೇ ಕುಂಡ.

ಸಡಿಲ ತೊಗಟೆಯನ್ನು ಕೆರೆದು ತೆಗೆಯಿರಿ. ಇಲ್ಲದಿದ್ದರೆ ಅದು ಕಳಚುವಾಗ ಗಿಡವೂ ಬೀಳುತ್ತದೆ. ಮೇ ತಿಂಗಳಲ್ಲಿ, ಮುಂಗಾರಿಗೆ ಮುನ್ನ, ಗಿಡವನ್ನು ಓರೆಯಾಗಿಟ್ಟು ಬೇರುಗಳನ್ನು ಮರಕ್ಕೆ ತಾಗಿಸಿ ಕಟ್ಟಿ. ನೇರ ನಿಲ್ಲಿಸಿದರೆ ಸುಳಿಯಲ್ಲಿ ನೀರು ನಿಂತು ಕೊಳೆಯುತ್ತದೆ. ಮೊದಲ ವರ್ಷ ನಾನು ತಂತಿ ಬಿಗಿದು ಬೇರುಗಳನ್ನೇ ಕತ್ತರಿಸಿಬಿಟ್ಟೆ. ಈಗ ಅಜ್ಜಿಯ ಹತ್ತಿ ಸೀರೆಯ ಪಟ್ಟಿ ಸಾಕು. ಬಟ್ಟೆ ಲಡ್ಡಾಗುವಷ್ಟರಲ್ಲಿ ಬೇರು ಮರವನ್ನು ಹಿಡಿದಿರುತ್ತದೆ. ಮಣ್ಣು ಬೇಡವೇ ಬೇಡ. ನಮ್ಮ ಮಳೆಗೆ ಪಾಚಿಯನ್ನೂ ಕಟ್ಟಬೇಡಿ, ಅದು ತಾನಾಗಿಯೇ ಬೆಳೆಯುತ್ತದೆ!

ಬೊಡ್ಡೆಯನ್ನು ಬೆಳಗಿನ ಬಿಸಿಲು ಬೀಳುವ ಕಡೆ ಇಡಿ. ಬೇಸಿಗೆಯಲ್ಲಿ ನೀರು ಚಿಮುಕಿಸಿ. ಗಿಡವನ್ನು ನರ್ಸರಿಯಿಂದ ತನ್ನಿ, ಇಲ್ಲವೇ ಗಾಳಿಗೆ ತೋಟದಲ್ಲಿ ಬಿದ್ದ ಕೊಂಬೆಯಿಂದ ಬಿಡಿಸಿಕೊಳ್ಳಿ. ಕಾಡಿನ ಮರದಿಂದ ಕೀಳಬೇಡಿ.